ರಾತ್ರಿ ಎರಡು ಗಂಟೆಯ ಥೀಸಿಸ್: ಸರ್ಜರಿ ಪಿಜಿಗೆ ಸಂಶೋಧನೆಯ ಸಮಯ ಎಲ್ಲಿದೆ?

ಮೇ ತಿಂಗಳ ಒಂದು ರಾತ್ರಿ. ಹಾಸನದಲ್ಲಿ ಮಳೆ ಹೊಡೆದು ಕರೆಂಟ್ ಹೋಗಿತ್ತು. ಹನ್ನೊಂದು ಗಂಟೆ ಹೊತ್ತಿಗೆ ಫೋನ್ ಬಂತು. ಹಿಂದೆ ನಮ್ಮ ನರ್ಸಿಂಗ್ ಹೋಂನಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದ ಹುಡುಗಿ. ಈಗ ಬೇರೆ ಊರಿನಲ್ಲಿ ಎಂಎಸ್ ಜನರಲ್ ಸರ್ಜರಿ, ಅಂದರೆ ಸರ್ಜರಿಯ ಸ್ನಾತಕೋತ್ತರ ಕೋರ್ಸ್ (ಪಿಜಿ) ಮಾಡುತ್ತಿದ್ದಾಳೆ, ಮೊದಲ ವರ್ಷ.

"ಸರ್, ಸಿನಾಪ್ಸಿಸ್ ಕೊಡೋಕೆ ಇನ್ನು ಹದಿನೈದು ದಿನ ಇದೆ. ಒಂದು ಟಾಪಿಕ್ ಹೇಳಿ ಸರ್. ಬೇಗ ಮುಗಿಯೋ ಥರದ್ದು."

"ಟಾಪಿಕ್ ಇರಲಿ. ನಿನಗೆ ಏನು ತಿಳ್ಕೋಬೇಕು ಅಂತ ಆಸೆ ಇದೆ, ಅದು ಹೇಳಮ್ಮ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದಳು: "ನಿನ್ನೆ ಬೆಳಗ್ಗೆಯಿಂದ ಮಲಗಿಲ್ಲ ಸರ್. ಮಲಗಬೇಕು ಅನ್ನೋದು ಬಿಟ್ಟು ತಲೇಲಿ ಇನ್ನೇನೂ ಇಲ್ಲ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಮಲಗು, ನಾಳೆ ಮಾತಾಡೋಣ ಎಂದೆ. ಆದರೆ ಅವಳು ಫೋನ್ ಇಟ್ಟ ಮೇಲೆ ನನಗೇ ನಿದ್ದೆ ಬರಲಿಲ್ಲ. ಇದು ಅವಳೊಬ್ಬಳ ಕಥೆ ಅಲ್ವಲ್ಲ. ಸರ್ಜರಿ ಓದುವ ಪ್ರತಿಯೊಬ್ಬರೂ ಒಂದು ಥೀಸಿಸ್, ಅಂದರೆ ಸಂಶೋಧನಾ ಪ್ರಬಂಧ, ಬರೆಯಲೇಬೇಕು. ಅದರ ಮೊದಲ ರೂಪರೇಖೆಯೇ ಸಿನಾಪ್ಸಿಸ್. ಅದಕ್ಕೆ ಗೈಡ್ ಇದ್ದಾರೆ, ಎಥಿಕ್ಸ್ ಕಮಿಟಿ ಇದೆ, ಕೊನೆಯ ದಿನಾಂಕ ಇದೆ, ಕಟ್ಟಬೇಕಾದ ಫೀಸೂ ಇದೆ. ಸಮಯ ಮಾತ್ರ ಯಾವ ಡ್ಯೂಟಿ ಪಟ್ಟಿಯಲ್ಲೂ ಇಲ್ಲ.

ಬೇರೆ ಕೆಲವು ದೇಶಗಳಲ್ಲಿ ಇದಕ್ಕೊಂದು ವ್ಯವಸ್ಥೆ ಇದೆ. ತರಬೇತಿಯ ನಡುವೆ ಇಷ್ಟು ದಿನ, ಇಷ್ಟು ತಿಂಗಳು ಸಂಶೋಧನೆಗೇ ಮೀಸಲು. ಆ ಹೊತ್ತಿನಲ್ಲಿ ಕ್ಯಾಶುವಲ್ಟಿ ಇಲ್ಲ, ವಾರ್ಡ್ ಇಲ್ಲ, ನೈಟ್ ಡ್ಯೂಟಿ ಇಲ್ಲ. ನಮ್ಮಲ್ಲೂ ಹಾಗೆ ಕೊಡಬೇಕು ಅನ್ನುವವರಿದ್ದಾರೆ. ಮೂರು ವರ್ಷದಲ್ಲಿ ಆಪರೇಷನ್ ಕಲಿಯುವುದಕ್ಕೇ ಸಾಲದು, ಇದೆಲ್ಲ ಯಾಕೆ ಅನ್ನುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಮಯ ಕೊಡಲೇಬೇಕು. ಆದರೆ ಅಮೆರಿಕದ ಹಾಗೆ ಎರಡು ವರ್ಷವಲ್ಲ. ಸ್ವಲ್ಪವೇ ಕೊಡಿ, ಯಾರೂ ಕಿತ್ತುಕೊಳ್ಳದ ಹಾಗೆ ಕೊಡಿ. ಆ ಸಮಯದಲ್ಲಿ ಕೇಳುವ ಪ್ರಶ್ನೆ ನಮ್ಮ ವಾರ್ಡಿನಿಂದ, ನಮ್ಮ ತೋಟದಿಂದ ಹುಟ್ಟಲಿ.

ಮೊದಲು ಮೂರು ವರ್ಷದ ಲೆಕ್ಕ ನೋಡೋಣ.

ಎಂಎಸ್ ಎಂದರೆ 36 ತಿಂಗಳು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಸೇರಿದ ಆರು ತಿಂಗಳೊಳಗೆ ಸಿನಾಪ್ಸಿಸ್ ಕೊಡಬೇಕು. ಪರೀಕ್ಷೆಗೆ ಆರು ತಿಂಗಳು ಮೊದಲು ಥೀಸಿಸ್ ಸಲ್ಲಿಸಿರಬೇಕು. ಅದು ಒಪ್ಪಿಗೆಯಾಗದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಹೀಗೆ ಎರಡೂ ತುದಿಯಲ್ಲಿ ಆರಾರು ತಿಂಗಳು ಹೋದರೆ ಉಳಿದದ್ದು 24. ಅದರಲ್ಲಿ ಎಥಿಕ್ಸ್ ಕಮಿಟಿಯ ಒಪ್ಪಿಗೆ, ಎಲ್ಲ ರೋಗಿಗಳ ಮಾಹಿತಿಯ ಮಾಸ್ಟರ್ ಚಾರ್ಟ್ ತುಂಬುವುದು, ಲೆಕ್ಕ ಹಾಕಿಸುವುದು, ಬರೆಯುವುದು, ಗೈಡ್ ತಿದ್ದುವುದು, ಪ್ರಿಂಟ್ ಮಾಡಿಸುವುದು. ಕೇಸು ಸೇರಿಸಲು ಸಿಗುವುದು ಹೆಚ್ಚೆಂದರೆ 18 ತಿಂಗಳು.

ಆ 18 ತಿಂಗಳೂ ಪೂರ್ತಿ ಅವರದಲ್ಲ. ಡಿಸ್ಟ್ರಿಕ್ಟ್ ರೆಸಿಡೆನ್ಸಿ ಎಂದು ಪ್ರತಿ ಪಿಜಿಯೂ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಅದು ಬರುವುದು ಮೂರನೇ, ನಾಲ್ಕನೇ ಅಥವಾ ಐದನೇ ಸೆಮಿಸ್ಟರ್‌ನಲ್ಲಿ. ಅಂದರೆ ಸರಿಯಾಗಿ ಕೇಸು ಸೇರಿಸುವ ಹೊತ್ತಿಗೆ. ಆ ಯೋಜನೆ ಒಳ್ಳೆಯದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪಿಜಿ ಹೊರಗಿರುವ ಆ ಮೂರು ತಿಂಗಳು ಫಾಲೋಅಪ್‌ಗೆ ಬಂದ ರೋಗಿಯನ್ನು ನೋಡಿ ಪ್ರೊಫಾರ್ಮಾ (ರೋಗಿಯ ವಿವರದ ಫಾರ್ಮ್) ತುಂಬುವವರು ಯಾರು? ಹೆಚ್ಚಿನ ಕಡೆ ಯಾರೂ ಇಲ್ಲ.

ಸಂಶೋಧನೆ ಹೇಗೆ ಮಾಡಬೇಕು ಎಂದು ಕಲಿಸಲು ಒಂದು ಕಡ್ಡಾಯ ಕೋರ್ಸ್ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ (ಐಸಿಎಂಆರ್) ಸೇರಿದ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ (ಎನ್‌ಐಇ) ಅದನ್ನು ಆನ್‌ಲೈನ್‌ನಲ್ಲಿ ನಡೆಸುತ್ತದೆ. ಪಾಠಗಳು ಚೆನ್ನಾಗಿವೆ, ನಾನೂ ಕೆಲವನ್ನು ನೋಡಿದ್ದೇನೆ. ಆದರೆ ಪಿಜಿಗಳು ಅದನ್ನು ನೋಡುವುದು ರಾತ್ರಿ ಎರಡು ಗಂಟೆಗೆ, ಡ್ಯೂಟಿ ರೂಮಿನ ಮಂಚದ ಮೇಲೆ, ಕಣ್ಣು ಮುಚ್ಚಿಕೊಂಡು ಬರುವಾಗ.

ಡ್ಯೂಟಿ ಗಂಟೆಗಳ ಬಗ್ಗೆ ಕಾಗದದ ಮೇಲಿನ ಮಾತು ಹೊಸದೇನಲ್ಲ. 1992ರ ಕೇಂದ್ರ ಸರ್ಕಾರದ ರೆಸಿಡೆನ್ಸಿ ಯೋಜನೆಯಲ್ಲೇ ಒಟ್ಟಿಗೆ 12 ಗಂಟೆಗಿಂತ ಜಾಸ್ತಿ ಕೆಲಸ ಬೇಡ, ವಾರಕ್ಕೆ 48 ಗಂಟೆ ಸಾಕು ಎಂದಿತ್ತು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ, ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಕೊಟ್ಟ ವರದಿಯಲ್ಲಿ, ವಾರಕ್ಕೆ 74 ಗಂಟೆ ಮೀರಬಾರದು ಎಂದು ಸಲಹೆ ಮಾಡಿತು. ಮೂವತ್ತು ವರ್ಷದಲ್ಲಿ 48 ಹೋಗಿ 74 ಆಗಿದೆ. ಆ 74ನ್ನೂ ದಾಟದ ಸರ್ಜರಿ ಪಿಜಿ ನನಗೆ ಇದುವರೆಗೆ ಸಿಕ್ಕಿಲ್ಲ. 2023ರ ಪಿಜಿ ನಿಯಮಗಳಲ್ಲಿ ವರ್ಷಕ್ಕೆ ಕನಿಷ್ಠ 20 ದಿನ ಸಂಬಳ ಸಹಿತ ರಜೆ ಇದೆ, ವಾರಕ್ಕೊಂದು ದಿನ ಬಿಡುವಿದೆ, ಅದೂ ಕೆಲಸದ ಒತ್ತಡ ನೋಡಿಕೊಂಡು. ಥೀಸಿಸ್ ಮಾಡಬೇಕು ಎಂದಿದೆ. ಯಾವ ಹೊತ್ತಿನಲ್ಲಿ ಎಂದು ಹೇಳಿಲ್ಲ.

ನನ್ನ ಥೀಸಿಸ್ ವಿಷಯವನ್ನೂ ಹೇಳಬೇಕು. ನಾನು ಓದಿದ ಕಾಲೇಜಿನ ಹೆಸರು ಬೇಡ. ಗಾಯಕ್ಕೆ ಎರಡು ಥರದ ಡ್ರೆಸ್ಸಿಂಗ್ ಹೋಲಿಸುವ ವಿಷಯ ಸಿಕ್ಕಿತ್ತು. ಒಂದೊಂದು ಗುಂಪಿಗೆ ಮೂವತ್ತು ಜನ, ಒಟ್ಟು ಅರವತ್ತು. ಯಾಕೆ ಅರವತ್ತು ಎಂದು ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಹಿಂದಿನ ವರ್ಷದವರದ್ದೂ ಅರವತ್ತೇ. ಡಿಸ್ಚಾರ್ಜ್ ಆಗಿ ಹೋದವರಲ್ಲಿ ಎಷ್ಟೋ ಜನ ತಿರುಗಿ ಬರಲಿಲ್ಲ. ಅವರ ಊರಿಗೆ ಫೋನ್ ಮಾಡಿ ವಿಚಾರಿಸಲು ನನಗೆ ಒಂದು ಮಧ್ಯಾಹ್ನವೂ ಬಿಡುವಿರಲಿಲ್ಲ. ಕೊನೆಗೆ ಬಂದವರ ಲೆಕ್ಕದ ಮೇಲೇ ತೀರ್ಮಾನ ಬರೆದೆ. ಬರದವರ ಗಾಯ ವಾಸಿಯಾಯಿತೋ, ಕೀವು ತುಂಬಿ ಬೇರೆ ಆಸ್ಪತ್ರೆಗೆ ಹೋದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಥೀಸಿಸ್ ಪಾಸಾಯಿತು. ಆ ಪುಸ್ತಕ ತೆಗೆದು ನೋಡಿದಾಗಲೆಲ್ಲ ನನಗೆ ಆ ಬರದವರದ್ದೇ ನೆನಪು.

ಒಬ್ಬೊಬ್ಬರ ಅನುಭವ ಬಿಡಿ, ದೇಶದ ಚಿತ್ರವೇ ಹೀಗಿದೆ. ದೆಹಲಿಯ ಸರ್ಜನ್ ಡಾ. ಸಮೀರನ್ ನಂದಿ ಮತ್ತು ಜೊತೆಗಾರರು 2016ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. 2005ರಿಂದ 2014ರವರೆಗೆ ಭಾರತದ 579 ವೈದ್ಯಕೀಯ ಸಂಸ್ಥೆಗಳಿಂದ ಎಷ್ಟು ಸಂಶೋಧನಾ ಲೇಖನ ಬಂದಿವೆ ಎಂದು ಎಣಿಸಿದರು. 332 ಸಂಸ್ಥೆಗಳಿಂದ ಹತ್ತು ವರ್ಷದಲ್ಲಿ ಒಂದೂ ಬಂದಿರಲಿಲ್ಲ. ವರ್ಷಕ್ಕೆ ನೂರಕ್ಕಿಂತ ಜಾಸ್ತಿ ಪ್ರಕಟಿಸಿದ್ದು 25 ಸಂಸ್ಥೆಗಳು ಮಾತ್ರ. ಇದೇ ಹತ್ತು ವರ್ಷದಲ್ಲಿ ಪಿಜಿಗಳಿದ್ದ ಕಾಲೇಜುಗಳಲ್ಲಿ ವರ್ಷಾ ವರ್ಷಾ ಥೀಸಿಸ್‌ಗಳು ಬರುತ್ತಲೇ ಇದ್ದವು. ಅವೆಲ್ಲ ಎಲ್ಲಿ ಹೋದವು? ಲೈಬ್ರರಿಯ ಕಪಾಟಿಗೆ. ಅಷ್ಟು ರೋಗಿಗಳು ಸಹಿ ಹಾಕಿ ಒಪ್ಪಿಗೆ ಕೊಟ್ಟಿದ್ದು ಅದಕ್ಕಾಗಿಯೇ?

ಈಗ ಅಮೆರಿಕದ ಕಡೆ ಬರೋಣ, ಯಾಕೆಂದರೆ ಈ ಚರ್ಚೆಯಲ್ಲಿ ಎಲ್ಲರೂ ತೋರಿಸುವುದು ಅದನ್ನೇ. ಅಲ್ಲಿ ಜನರಲ್ ಸರ್ಜರಿ ತರಬೇತಿ ಐದು ವರ್ಷ. ಅದರ ಮಧ್ಯೆ, ಸಾಮಾನ್ಯವಾಗಿ ಎರಡನೇ ಅಥವಾ ಮೂರನೇ ವರ್ಷ ಆದ ಮೇಲೆ, ಒಂದೋ ಎರಡೋ ವರ್ಷ ಹೊರಗೆ ಬಂದು ಸಂಶೋಧನೆ ಮಾಡಬಹುದು. ಅದು ಐದು ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ, ಹಾಗಾಗಿ ಒಟ್ಟು ಆರೋ ಏಳೋ ವರ್ಷವಾಗುತ್ತದೆ. 2009ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ಅಲ್ಲಿನ ಸರ್ಜರಿ ರೆಸಿಡೆಂಟ್‌ಗಳಲ್ಲಿ (ತರಬೇತಿಯಲ್ಲಿರುವ ವೈದ್ಯರಲ್ಲಿ) ಶೇ. 36ರಷ್ಟು ಜನ ಹೀಗೆ ಪೂರ್ಣಾವಧಿ ಸಂಶೋಧನೆಗೆ ಹೋಗುತ್ತಿದ್ದರು. ಅವರ ಸಂಬಳ, ಸವಲತ್ತಿಗೇ ದೇಶದಾದ್ಯಂತ ವರ್ಷಕ್ಕೆ 4 ಕೋಟಿ ಡಾಲರ್‌ಗಿಂತ ಜಾಸ್ತಿ ಬೇಕಾಗುತ್ತಿತ್ತು.

ಈ ರೂಢಿಗೆ ದೊಡ್ಡ ಹಿನ್ನೆಲೆ ಇದೆ. 1930ರಿಂದ 1967ರವರೆಗೆ ಮಿನ್ನೆಸೋಟ ವಿಶ್ವವಿದ್ಯಾಲಯದ ಸರ್ಜರಿ ವಿಭಾಗದ ಮುಖ್ಯಸ್ಥರಾಗಿದ್ದವರು ಓವೆನ್ ವಾಂಗೆನ್‌ಸ್ಟೀನ್. ಸರ್ಜನ್ ಆಗುವವನು ಪ್ರಯೋಗಾಲಯದಲ್ಲೂ ಕೈ ಪಳಗಿಸಬೇಕು ಎನ್ನುವುದು ಅವರ ಹಟ. ತಮ್ಮಲ್ಲಿ ಕಲಿಯಲು ಬಂದವರನ್ನು ವರ್ಷಗಟ್ಟಲೆ ಲ್ಯಾಬಿನಲ್ಲಿ ಕೂರಿಸುತ್ತಿದ್ದರು, ಪಿಎಚ್‌ಡಿ ಮಾಡಿಸುತ್ತಿದ್ದರು. ತೆರೆದ ಹೃದಯದ ಆಪರೇಷನ್‌ಗೆ ದಾರಿ ಮಾಡಿಕೊಟ್ಟ ವಾಲ್ಟನ್ ಲಿಲ್ಲೆಹೈ, ಹೃದಯ ಕಸಿಯ ವಿಧಾನವನ್ನು ರೂಪಿಸಿದ ನಾರ್ಮನ್ ಶಮ್‌ವೇ, 1967ರ ಡಿಸೆಂಬರ್ 3ರಂದು ಕೇಪ್‌ಟೌನ್‌ನಲ್ಲಿ ಮೊದಲ ಬಾರಿ ಮನುಷ್ಯನ ಹೃದಯವನ್ನು ಮನುಷ್ಯನಿಗೆ ಕಸಿ ಮಾಡಿದ ಕ್ರಿಶ್ಚಿಯನ್ ಬರ್ನಾರ್ಡ್, ಮೂವರೂ ಆ ವಿಭಾಗದಲ್ಲಿ ಬೆಳೆದವರು. ಯೋಚನೆ ಮಾಡಲು ಸಮಯ ಸಿಕ್ಕರೆ ಸರ್ಜನ್ ಏನು ಮಾಡಬಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಅಲ್ಲೂ ಎಲ್ಲರೂ ಕುತೂಹಲದಿಂದ ಹೋಗುವುದಿಲ್ಲ. ಮಕ್ಕಳ ಸರ್ಜರಿ, ಕ್ಯಾನ್ಸರ್ ಸರ್ಜರಿಯಂಥ ಸೀಟು ಸಿಗಬೇಕಾದರೆ ಪ್ರಕಟಣೆಗಳ ಪಟ್ಟಿ ಉದ್ದ ಇರಬೇಕು, ಅದಕ್ಕಾಗಿ ಹೋಗುವವರು ಬೇಕಾದಷ್ಟು ಜನ. ಎರಡು ವರ್ಷ ಕತ್ತರಿ ಹಿಡಿಯದೆ ವಾಪಸ್ ಬಂದಾಗ ಕೈ ಹಿಂಜರಿಯುತ್ತದೆ ಎಂಬ ಅಳುಕು ಅವರಿಗೂ ಇದೆ. ಬ್ರಿಟನ್ ಹಿಡಿದ ದಾರಿ ಬೇರೆ. ಅಲ್ಲಿ ಆಯ್ಕೆಯಾದ ಕೆಲವು ತರಬೇತಿ ವೈದ್ಯರಿಗೆ ಕೆಲಸದ ಕಾಲು ಭಾಗವನ್ನು ಸಂಶೋಧನೆಗೆ ಬಿಟ್ಟುಕೊಡುತ್ತಾರೆ, ಮುಕ್ಕಾಲು ಭಾಗ ಆಸ್ಪತ್ರೆಯ ಕೆಲಸ. ಕೈಯೂ ಬಿಡುವುದಿಲ್ಲ, ತಲೆಯೂ ಬಿಡುವುದಿಲ್ಲ. ನನಗೆ ಇದು ಹೆಚ್ಚು ಹಿಡಿಸಿತು.

ಅಮೆರಿಕದ ಮಾದರಿ ನಮಗೆ ಯಾಕೆ ಆಗಿಬರುವುದಿಲ್ಲ? ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಪಿಜಿ ನೀಟ್‌ಗೆ ಒಂದೆರಡು ವರ್ಷ ಓದುವವರೇ ಜಾಸ್ತಿ. ಆಮೇಲೆ ಮೂರು ವರ್ಷ ಎಂಎಸ್. ಅಷ್ಟರಲ್ಲಿ ವಯಸ್ಸು ಮೂವತ್ತರ ಹತ್ತಿರ. ಅದರ ಮೇಲೆ ಸೂಪರ್ ಸ್ಪೆಷಾಲಿಟಿಯ ಎಂಸಿಎಚ್ ಎಂದರೆ ಇನ್ನೂ ಮೂರು ವರ್ಷ. ಅರಕಲಗೂಡಿನ ರೈತನ ಮನೆಯಲ್ಲಿ, ಕೊಪ್ಪದ ಮೇಷ್ಟ್ರ ಮನೆಯಲ್ಲಿ, ಮಗ ಯಾವಾಗ ದುಡಿಯುತ್ತಾನೆ, ಮಗಳ ಓದು ಯಾವಾಗ ಮುಗಿಯುತ್ತದೆ ಎಂದು ಕಾಯುತ್ತಿರುತ್ತಾರೆ. ಸಾಲದ ಕಂತು ಓಡುತ್ತಿರುತ್ತದೆ. ಅಂಥ ಮನೆಗೆ ಹೋಗಿ, ಇನ್ನೂ ಎರಡು ವರ್ಷ ಸಂಶೋಧನೆ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದೂ ಅಲ್ಲದೆ ನಮ್ಮ ಮೂರು ವರ್ಷದಲ್ಲಿ ಆಪರೇಷನ್ ಕಲಿಯುವ ಅವಕಾಶವೇ ಬಿಗಿಯಾಗಿದೆ. ಒಂದು ವರ್ಷ ಅದರಿಂದ ಕಿತ್ತರೆ, ರಾತ್ರಿ ಒಬ್ಬಂಟಿಯಾಗಿ ಒಡೆದ ಕರುಳನ್ನು ಹೊಲಿಯಬೇಕಾದ ಸರ್ಜನ್ ತಯಾರಾಗುವುದಿಲ್ಲ. ತಾಲ್ಲೂಕು ಆಸ್ಪತ್ರೆಗೆ ಬೇಕಾದವರು ಅವರೇ. ಸಂಶೋಧನೆಯ ವರ್ಷ ಬೇಕು ಅನ್ನುವವರಿಗೆ ಸ್ಟೈಪೆಂಡ್ ಕೊಟ್ಟು ದಾರಿ ಮಾಡಿಕೊಡಲಿ, ಬೇಡ ಎನ್ನುವುದಿಲ್ಲ. ಎಲ್ಲರ ಮೇಲೂ ಹೇರುವುದು ಬೇಡ.

ಇನ್ನೊಂದು ತೊಡಕು ಸಮಯಕ್ಕಿಂತಲೂ ದೊಡ್ಡದು. ಇದರ ಬಗ್ಗೆ ಮಾತೇ ಆಗುವುದಿಲ್ಲ. ಅದು ಆ ಅರವತ್ತರ ಲೆಕ್ಕ.

ಆಪರೇಷನ್ ಆದ ಮೇಲೆ ಹೊಲಿಗೆ ಹಾಕಿದ ಗಾಯದಲ್ಲಿ ಕೀವಾಗುವುದನ್ನೇ ತೆಗೆದುಕೊಳ್ಳಿ. ಒಂದು ಆಸ್ಪತ್ರೆಯಲ್ಲಿ ನೂರಕ್ಕೆ ಇಪ್ಪತ್ತು ಜನಕ್ಕೆ ಹಾಗಾಗುತ್ತಿದೆ ಎಂದುಕೊಳ್ಳೋಣ. ನಿಮ್ಮ ಹೊಸ ವಿಧಾನದಿಂದ ಅದು ಹದಿನೈದಕ್ಕೆ ಇಳಿಯುತ್ತದೆಯೇ ಎಂದು ತಿಳಿಯಬೇಕು. ನೂರರಲ್ಲಿ ಐದು ಜನ ಉಳಿದರೆ ಸಣ್ಣ ಲಾಭವಲ್ಲ. ಆದರೆ ಅದನ್ನು ನಂಬಿಕೆಯಿಂದ ಹೇಳಬೇಕಾದರೆ ಒಂದೊಂದು ಗುಂಪಿಗೆ ಸುಮಾರು 900 ಜನ ಬೇಕು. ಎರಡೂ ಸೇರಿ 1,800. ಮೂವತ್ತು ಮೂವತ್ತು ಜನರನ್ನು ಹೋಲಿಸಿದರೆ ಬರುವ ಉತ್ತರ ನಾಣ್ಯ ಚಿಮ್ಮಿದ ಹಾಗೆ. ಇನ್ನೊಂದು ಸುಲಭ ಲೆಕ್ಕ ಹೇಳುತ್ತೇನೆ. ಅರವತ್ತು ರೋಗಿಗಳಲ್ಲಿ ಒಬ್ಬರಿಗೂ ತೊಂದರೆ ಆಗಲಿಲ್ಲ ಎಂದರೆ ಆ ವಿಧಾನ ಸಂಪೂರ್ಣ ಸುರಕ್ಷಿತ ಎಂದು ಬರೆದುಬಿಡುತ್ತೇವೆ. ಆದರೆ ಸಂಖ್ಯಾಶಾಸ್ತ್ರದಲ್ಲಿ 'ಮೂರರ ಸೂತ್ರ' ಎಂದಿದೆ, ಅದರಂತೆ ಮೂರನ್ನು ಅರವತ್ತರಿಂದ ಭಾಗಿಸಿ ನೋಡಿ: ಶೇ. 5. ನಿಜವಾದ ಅಪಾಯ ಅಷ್ಟರವರೆಗೂ ಇದ್ದು, ನಿಮ್ಮ ಅರವತ್ತರಲ್ಲಿ ಕಾಣದೇ ಹೋಗಿರಬಹುದು. ಇಪ್ಪತ್ತರಲ್ಲಿ ಒಬ್ಬರಿಗೆ ಆಗುವ ತೊಂದರೆಯನ್ನು 'ಇಲ್ಲ' ಎಂದು ಬರೆದಿರುತ್ತೇವೆ.

ಅಂದರೆ ಒಬ್ಬ ಪಿಜಿಗೆ ಎರಡು ವರ್ಷ ಪೂರ್ತಿ ರಜೆ ಕೊಟ್ಟರೂ ಒಂದೇ ಆಸ್ಪತ್ರೆಯಲ್ಲಿ ಕೂತು ಇಂಥ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಹತ್ತಾರು ಕಾಲೇಜಿನವರು ಸೇರಿದರೆ ಸಿಗುತ್ತದೆ. ಬ್ರಿಟನ್ನಿನ ತರಬೇತಿ ಸರ್ಜನ್‌ಗಳು ಇದನ್ನು ಮಾಡಿ ತೋರಿಸಿದ್ದಾರೆ. ಹೊಟ್ಟೆಯ ಆಪರೇಷನ್‌ನಲ್ಲಿ ಗಾಯದ ಅಂಚಿಗೆ ಪ್ಲಾಸ್ಟಿಕ್ ರಕ್ಷಣೆ ಹಾಕಿದರೆ ಕೀವು ಕಡಿಮೆಯಾಗುತ್ತದೆಯೇ ಎಂದು 21 ಆಸ್ಪತ್ರೆಗಳ 760 ರೋಗಿಗಳಲ್ಲಿ ನೋಡಿದರು. ರೊಸ್ಸಿನಿ ಎಂಬ ಹೆಸರಿನ ಆ ಅಧ್ಯಯನ 2013ರಲ್ಲಿ ಹೊರಬಂತು. ಕಡಿಮೆಯಾಗಲಿಲ್ಲ ಎಂಬುದೇ ಉತ್ತರ. ಆ ಉತ್ತರವೂ ಬೆಲೆಯುಳ್ಳದ್ದೇ, ಸುಮ್ನೆ ಖರ್ಚು ಮಾಡುವುದು ತಪ್ಪಿತು ಅಲ್ವಾ?

ನಮ್ಮಂಥ ದೇಶಗಳದ್ದೇ ಇನ್ನೊಂದು ಉದಾಹರಣೆ ಇದೆ. ಚೀತಾ ಎಂಬ ಅಧ್ಯಯನ, 2022ರಲ್ಲಿ ಪ್ರಕಟವಾಯಿತು. ಭಾರತವೂ ಸೇರಿ ಏಳು ದೇಶ, 81 ಆಸ್ಪತ್ರೆ, 13,301 ರೋಗಿಗಳು. ಪ್ರಶ್ನೆ ಎಷ್ಟು ಸರಳ ನೋಡಿ: ಹೊಟ್ಟೆ ಮುಚ್ಚುವ ಮೊದಲು ಇಡೀ ತಂಡ ಗ್ಲೌಸ್ ಬದಲಿಸಿ, ಹೊಸ ಉಪಕರಣ ತೆಗೆದುಕೊಂಡರೆ ಏನಾಗುತ್ತದೆ? ಗಾಯದ ಸೋಂಕು ಶೇ. 18.9 ಇದ್ದದ್ದು 16ಕ್ಕೆ ಇಳಿಯಿತು. ದೊಡ್ಡ ಯಂತ್ರ ಬೇಡ, ಹೊಸ ಔಷಧಿ ಬೇಡ. ಇಂಥ ಕೆಲಸದಲ್ಲಿ ಒಂದೊಂದು ಆಸ್ಪತ್ರೆಯಲ್ಲಿ ಬೇಕಾಗುವುದು ರೋಗಿಯನ್ನು ಮಾತಾಡಿಸಿ, ಫಾರ್ಮ್ ತುಂಬಿ, ಮೂವತ್ತನೇ ದಿನ ಫೋನ್ ಮಾಡಿ 'ಗಾಯ ಹೇಗಿದೆ?' ಎಂದು ಕೇಳುವ ಒಬ್ಬರು. ನನಗೆ ಆ ಒಂದು ಮಧ್ಯಾಹ್ನ ಸಿಕ್ಕಿರಲಿಲ್ಲ.

ಎಲ್ಲದಕ್ಕೂ ಸಾವಿರಾರು ರೋಗಿಗಳು ಬೇಕೆಂದಲ್ಲ. ಕೆಲವು ಪ್ರಶ್ನೆಗಳಿಗೆ ಸುಮ್ನೆ ಸರಿಯಾಗಿ ಎಣಿಸಿದರೂ ಸಾಕು. ನಮ್ಮ ಜಿಲ್ಲೆಗಳಲ್ಲಿ ಆ ಎಣಿಕೆಯೇ ನಡೆದಿಲ್ಲ. 2025ರ ಮೇ, ಜೂನ್ ನೆನಪಿದೆಯಲ್ಲ? ಸುಮಾರು ನಲವತ್ತು ದಿನದಲ್ಲಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಎಂಬ ಸುದ್ದಿ ರಾಜ್ಯವನ್ನೇ ನಡುಗಿಸಿತು. ಎದೆ ಉರಿದರೂ ಸಾಕು, ಜನ ಬಸ್ಸು ಹತ್ತಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಿ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಅಸಹಜ ಏರಿಕೆ ಕಾಣುವುದಿಲ್ಲ ಎಂದು ಜುಲೈನಲ್ಲಿ ವರದಿ ಬಂತು. ಅಷ್ಟರಲ್ಲಿ ಹೆದರಿಕೆ ಮನೆಮನೆ ಹೊಕ್ಕಿತ್ತು. ಜಾಸ್ತಿಯಾಯಿತು ಎನ್ನಬೇಕಾದರೂ, ಆಗಿಲ್ಲ ಎನ್ನಬೇಕಾದರೂ, ಮೊದಲು ಎಷ್ಟಿತ್ತು ಎಂದು ಯಾರಾದರೂ ಬರೆದಿಟ್ಟಿರಬೇಕು. ಹೃದಯದ ವಿಷಯ ಸರ್ಜರಿಯವರದ್ದಲ್ಲ, ನಿಜ. ಆದರೆ ಎಣಿಸುವ ಅಭ್ಯಾಸ ಇಲ್ಲದಿರುವುದು ಎಲ್ಲ ವಿಭಾಗಕ್ಕೂ ಸೇರಿದ ಕೊರತೆ.

ಸರ್ಜರಿಯದ್ದೇ ಬೇಕೆಂದರೆ ಸಕಲೇಶಪುರ, ಮೂಡಿಗೆರೆ ಕಡೆ ಬನ್ನಿ. ಕಾಳುಮೆಣಸಿನ ಕೊಯ್ಲು ಶುರುವಾದರೆ ಸಿಲ್ವರ್ ಮರದಿಂದ ಬಿದ್ದವರು ಬರಲು ಶುರು. ಬೆನ್ನುಮೂಳೆ, ಸೊಂಟ, ಗುಲ್ಮ (ಸ್ಪ್ಲೀನ್) ಒಡೆದು ಹೊಟ್ಟೆಯೊಳಗೆ ರಕ್ತ. ಮಳೆಗಾಲಕ್ಕೆ ಮುಂಚೆ ಮರಗಸಿ (ನೆರಳಿನ ಮರದ ಕೊಂಬೆ ಕತ್ತರಿಸುವುದು) ಮಾಡುವಾಗ ಮತ್ತೆ ಅದೇ. ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿ ಸುಟ್ಟುಕೊಂಡವರು ಬೇರೆ, ಅವರಲ್ಲಿ ಎಷ್ಟೋ ಜನ ಆಸ್ಪತ್ರೆವರೆಗೂ ಬರುವುದಿಲ್ಲ. ವರ್ಷಕ್ಕೆ ಎಷ್ಟು ಜನ? ಎಷ್ಟು ಎತ್ತರದಿಂದ ಬಿದ್ದರು? ಎಷ್ಟು ಹೊತ್ತಿಗೆ ಆಸ್ಪತ್ರೆ ಸೇರಿದರು? ಆರು ತಿಂಗಳಾದ ಮೇಲೆ ಎಷ್ಟು ಜನ ಕೆಲಸಕ್ಕೆ ಹೋಗುತ್ತಿದ್ದಾರೆ? ನಾನು ಇಷ್ಟು ವರ್ಷ ಇವರಿಗೆ ಆಪರೇಷನ್ ಮಾಡಿದ್ದೇನೆ, ಇದರಲ್ಲಿ ಒಂದಕ್ಕೂ ನನ್ನ ಹತ್ತಿರ ಅಂಕಿ ಇಲ್ಲ.

ಹಾವು ಕಡಿತದ್ದೂ ಹಾಗೇ. ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ ನಾಲ್ಕು ಹಾವಿಗೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ತೋಟದಲ್ಲಿ, ಕಾಫಿ ಗಿಡದ ಬುಡದಲ್ಲಿ ಕಡಿಯುವ ಗುಳಿಮಂಡಲದ ಜಾತಿಗಳು ಆ ಪಟ್ಟಿಯಲ್ಲಿ ಇಲ್ಲ. ಕೈಕಾಲು ಊದುತ್ತದೆ, ಕೆಲವರಿಗೆ ಚರ್ಮ ಸತ್ತು ಕಪ್ಪಾಗುತ್ತದೆ. ಆಗ ಸರ್ಜನ್‌ನನ್ನು ಕರೆಯುತ್ತಾರೆ. ಯಾವಾಗ ಕುಯ್ಯಬೇಕು, ಯಾವಾಗ ಕೈ ಕಟ್ಟಿಕೊಂಡು ಕಾಯಬೇಕು? ಈ ಪ್ರಶ್ನೆಯನ್ನು ಬಾಸ್ಟನ್ನಿನವರು ನಮಗಾಗಿ ಬಿಡಿಸಿಕೊಡುವುದಿಲ್ಲ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಎಣಿಕೆ ಶುರುವಾಗಿದೆ. ಆ ಎಣಿಕೆಗೆ ಗಾಯದ ವಿವರವನ್ನು ಸೇರಿಸುವವರು ಬೇಕು.

ಇಂಥ ಪ್ರಶ್ನೆಗಳನ್ನು ಬಿಟ್ಟು ನಮ್ಮ ಪಿಜಿಗಳು ಅಪೆಂಡಿಸೈಟಿಸ್ ಪತ್ತೆ ಮಾಡಲು ಅಂಕ ಹಾಕುವ ಅಲ್ವರಾಡೋ ಸ್ಕೋರ್ ಒಳ್ಳೆಯದೋ ರಿಪಾಸಾ ಸ್ಕೋರ್ ಒಳ್ಳೆಯದೋ ಎಂದು ಮತ್ತೆ ಮತ್ತೆ ಬರೆಯುತ್ತಾರೆ. ಅಲ್ವರಾಡೋ ಸ್ಕೋರ್ ಬಂದದ್ದು 1986ರಲ್ಲಿ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಹೊಸ ಪ್ರಶ್ನೆ ಹುಡುಕಬೇಕಾದರೆ ನಾಲ್ಕು ದಿನ ಕೂತು ಓದಬೇಕು, ತೋಟಕ್ಕೆ ಹೋಗಿ ಏಣಿ ನೋಡಬೇಕು. ಮೂವತ್ತಾರು ಗಂಟೆ ಡ್ಯೂಟಿ ಮಾಡಿದವರು ಹಳೆಯ ಥೀಸಿಸ್ ತೆಗೆದು ಹೆಸರು ಬದಲಿಸುತ್ತಾರೆ. ಕೆಲವರು ದುಡ್ಡು ಕೊಟ್ಟು ಬರೆಸುತ್ತಾರೆ. ದುಡ್ಡು ಕೊಟ್ಟರೆ ಏನು ಬೇಕಾದರೂ ಅಚ್ಚು ಹಾಕುವ ಪತ್ರಿಕೆಗಳೂ ಇವೆ. ಅದು ತಪ್ಪೇ. ಆದರೆ ಅವರನ್ನು ಅಲ್ಲಿಗೆ ತಳ್ಳಿದ ಡ್ಯೂಟಿ ಪಟ್ಟಿಯನ್ನೂ ನೋಡಬೇಕಲ್ಲ.

ಸಣ್ಣ ಊರಿನ ಸರ್ಜನ್ ಕೇಳಿದ ಪ್ರಶ್ನೆ ಎಲ್ಲಿಯವರೆಗೆ ಹೋಗಬಲ್ಲದು? ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ದೊಂಡಾಯಿಚಾ ಎಂಬ ಪಟ್ಟಣವಿದೆ. ಅಲ್ಲಿನ ಸರ್ಜನ್ ಡಾ. ರವೀಂದ್ರನಾಥ್ ತೋಂಗಾಂವ್ಕರ್ ಅವರಿಗೆ ಕಾಡಿದ್ದು ಹರ್ನಿಯಾ ಆಪರೇಷನ್‌ನಲ್ಲಿ ಹಾಕುವ ಬಲೆಯಂಥ ಮೆಶ್‌ನ ಬೆಲೆ. ಬಡ ರೋಗಿಗೆ ಅದು ಕೈಗೆಟುಕುತ್ತಿರಲಿಲ್ಲ. ಸೊಳ್ಳೆ ಪರದೆಯ ಬಟ್ಟೆಯನ್ನು ಶುದ್ಧಗೊಳಿಸಿ ಹಾಕಿದರೆ ಹೇಗೆ ಎಂದು ಯೋಚಿಸಿದರು. ಬೇರೆ ಊರುಗಳ ಸರ್ಜನ್‌ಗಳ ಜೊತೆ ಸೇರಿ 359 ಹರ್ನಿಯಾಗಳ ಅನುಭವವನ್ನು 2003ರಲ್ಲಿ ಪ್ರಕಟಿಸಿದರು. 2016ರಲ್ಲಿ ಉಗಾಂಡದಲ್ಲಿ 302 ಗಂಡಸರ ಮೇಲೆ ನಡೆದ ಪಕ್ಕಾ ಹೋಲಿಕೆಯ ಫಲಿತಾಂಶ ಜಗತ್ತಿನ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ದುಬಾರಿ ಮೆಶ್‌ಗೂ ಸೊಳ್ಳೆ ಪರದೆಯ ಮೆಶ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ಹುಡುಗರಲ್ಲಿ ಇಂಥ ಯೋಚನೆ ಇಲ್ಲವೆಂದು ನಾನು ನಂಬುವುದಿಲ್ಲ. ಹಾಸನದಲ್ಲಿ 2006ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಈಗ ಚಿಕ್ಕಮಗಳೂರಿಗೂ ಬಂದಿದೆ. ಮಲೆನಾಡಿನ ರೋಗಿ, ಬಯಲುಸೀಮೆಯ ರೋಗಿ ಇಬ್ಬರೂ ಬರುವ ಜಾಗಗಳಿವು.

ಹಾಗಾದರೆ ಎಷ್ಟು ಸಮಯ ಕೊಡಬೇಕು? ಮೊದಲ ವರ್ಷ ಸಿನಾಪ್ಸಿಸ್‌ಗೆ ಮುಂಚೆ ನಾಲ್ಕು ವಾರ. ಥೀಸಿಸ್ ಬರೆಯುವಾಗ ಇನ್ನು ನಾಲ್ಕು ವಾರ. ನಡುವಿನ ಕೇಸು ಸೇರಿಸುವ ಕಾಲದಲ್ಲಿ ವಾರಕ್ಕೆ ಅರ್ಧ ದಿನ. ಈ ಹೊತ್ತಿನಲ್ಲಿ ಪಿಜಿಯ ಹೆಸರು ಡ್ಯೂಟಿ ಪಟ್ಟಿಯಲ್ಲಿ ಇರಬಾರದು. 'ಇವತ್ತೊಂದು ದಿನ ಬಾ, ಜನ ಇಲ್ಲ' ಎಂದು ಕರೆಯುವ ಹಾಗಿರಬಾರದು.

ಡ್ಯೂಟಿ ಯಾರು ಮಾಡುತ್ತಾರೆ ಎಂಬುದು ಮೊದಲ ಆಕ್ಷೇಪ. ಲೆಕ್ಕ ಹಾಕಿ. ವರ್ಷಕ್ಕೆ ಆರು ಪಿಜಿ ಸೇರುವ ವಿಭಾಗ ಎಂದುಕೊಳ್ಳಿ. ಒಬ್ಬೊಬ್ಬರಿಗೆ ಮೂರು ವರ್ಷದಲ್ಲಿ ಎಂಟು ವಾರ. ಯಾವುದೇ ಒಂದು ವರ್ಷದಲ್ಲಿ ವಿಭಾಗ ಕಳೆದುಕೊಳ್ಳುವುದು 48 ವಾರ. ವರ್ಷಕ್ಕೆ 52 ವಾರ. ಎಲ್ಲರನ್ನೂ ಒಟ್ಟಿಗೆ ಬಿಡದೆ ಸರದಿಯಲ್ಲಿ ಬಿಟ್ಟರೆ ಯಾವಾಗ ನೋಡಿದರೂ ಒಬ್ಬರು ಮಾತ್ರ ಇರುವುದಿಲ್ಲ. ಅರ್ಧ ದಿನಗಳ ಲೆಕ್ಕವನ್ನೂ ಸೇರಿಸಿದರೆ ಎರಡು ಡ್ಯೂಟಿ ಡಾಕ್ಟರ್ ಹುದ್ದೆಯಷ್ಟೂ ಆಗುವುದಿಲ್ಲ. ನೂರಾರು ಹಾಸಿಗೆಯ ಆಸ್ಪತ್ರೆಗೆ ಇದು ಹೊರಲಾರದ ಹೊರೆಯೇ? ನನಗೆ ಹಾಗನ್ನಿಸುವುದಿಲ್ಲ. ಪಿಜಿಗಳ ದುಡಿಮೆಯನ್ನು ಲೆಕ್ಕವಿಲ್ಲದೆ ಬಳಸುವುದು ರೂಢಿಯಾಗಿದೆ, ಅದಕ್ಕೇ ಇಬ್ಬರ ಸಂಬಳ ದೊಡ್ಡದಾಗಿ ಕಾಣುತ್ತದೆ.

ಸಮಯ ಕೊಟ್ಟರೆ ಎಂಸಿಎಚ್ ಪರೀಕ್ಷೆಗೆ ಓದಿಕೊಳ್ಳುತ್ತಾರೆ, ಇಲ್ಲ ಮಲಗುತ್ತಾರೆ ಎನ್ನುವುದು ಇನ್ನೊಂದು ಆಕ್ಷೇಪ. ಮೊದಲ ಮೂರು ದಿನ ಮಲಗುತ್ತಾರೆ, ಮಲಗಲಿ. ಆಮೇಲೆ ಕೆಲಸ ಕೇಳಿ. ಮೊದಲ ನಾಲ್ಕು ವಾರ ಮುಗಿದಾಗ ಪ್ರಶ್ನೆ, ಎಷ್ಟು ರೋಗಿಗಳು ಬೇಕೆಂಬ ಲೆಕ್ಕ, ಯಾರು ಹೇಗೆ ಫಾಲೋಅಪ್ ಮಾಡುತ್ತಾರೆ ಎಂಬ ವಿವರ ಕೈಯಲ್ಲಿರಬೇಕು. ಎರಡು ಚಿಕಿತ್ಸೆ ಹೋಲಿಸುವ ಅಧ್ಯಯನವಾದರೆ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಹಾಕಬೇಕೆಂಬ ನಿಯಮ ಈಗಾಗಲೇ ಇದೆ. ಅದೇ ಒಳ್ಳೆಯ ಕಾವಲು. ಪ್ರತಿ ಪಿಜಿಯೂ ಬೇರೆ ಬೇರೆ ಥೀಸಿಸ್ ಮಾಡಲೇಬೇಕೆಂಬ ಹಟವನ್ನೂ ವಿಶ್ವವಿದ್ಯಾಲಯ ಸಡಿಲಿಸಿದರೆ ಒಳ್ಳೆಯದು. ಹತ್ತು ಕಾಲೇಜಿನ ಹತ್ತು ಪಿಜಿಗಳು ಒಂದೇ ಫಾರ್ಮ್ ಹಿಡಿದು ಕೇಸು ಸೇರಿಸಲಿ, ಒಬ್ಬೊಬ್ಬರು ಅದರ ಒಂದೊಂದು ಮುಖ ಬರೆಯಲಿ. ಡಿಸ್ಟ್ರಿಕ್ಟ್ ರೆಸಿಡೆನ್ಸಿಯ ಮೂರು ತಿಂಗಳಲ್ಲೂ ಅದೇ ಫಾರ್ಮ್ ಜೊತೆಗಿದ್ದರೆ ಜಿಲ್ಲಾ ಆಸ್ಪತ್ರೆಯ ರೋಗಿಯೂ ಲೆಕ್ಕಕ್ಕೆ ಸೇರುತ್ತಾನೆ.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಮಾರನೇ ದಿನ ಸಂಜೆ ಅವಳೇ ಫೋನ್ ಮಾಡಿದಳು. ಅವಳ ಊರು ಆಲೂರಿನ ಹತ್ತಿರ. ಚಿಕ್ಕಪ್ಪ ಮೆಣಸು ಕುಯ್ಯುವಾಗ ಬಿದ್ದು ಎರಡು ವರ್ಷ ಮನೆಯಲ್ಲೇ ಇದ್ದರಂತೆ. "ಸರ್, ಬಿದ್ದವರ ಮೇಲೇ ಮಾಡ್ಲಾ? ಗೈಡ್ ಒಪ್ತಾರೋ ಇಲ್ವೋ" ಎಂದಳು. ಗೈಡ್ ಒಪ್ಪಿದರು. ನಾಲ್ಕು ವಾರವನ್ನು ಯಾರೂ ಕೊಡಲಿಲ್ಲ, ತನ್ನ ರಜೆಯಲ್ಲಿ ಆರು ದಿನ ಮುರಿದು ಊರಿಗೆ ಬಂದು ಕೂತು ಫಾರ್ಮ್ ಮಾಡಿದಳು. ಜನವರಿಯಲ್ಲಿ ಕೊಯ್ಲು ಶುರುವಾಗುವಷ್ಟರಲ್ಲಿ ನಮ್ಮಲ್ಲೂ ಅದನ್ನು ತುಂಬಬೇಕು ಎಂದು ಒಂದು ಕಟ್ಟು ಕೊಟ್ಟು ಹೋಗಿದ್ದಾಳೆ. ಒಂದೇ ಪುಟ, ಹನ್ನೊಂದು ಪ್ರಶ್ನೆ. ಏಳನೆಯದನ್ನು ನಾನು ಇಷ್ಟು ವರ್ಷದಲ್ಲಿ ಒಬ್ಬ ರೋಗಿಯನ್ನೂ ಕೇಳಿರಲಿಲ್ಲ: ಏಣಿಯ ತುದಿಯನ್ನು ಮರಕ್ಕೆ ಕಟ್ಟಿದ್ದರೇ?